ಕನ್ನಡಿ ಹಿಡಿದ ಶಹಾತ

ಕುರ್ನಾ ಗುಡ್ಡದಲ್ಲಿ ಹುಟ್ಟಿದವರಿಗೆ ಎರಡೇ ಕಸುಬು ಗೊತ್ತು ಎಂದು ನದಿಯಾಚೆಯ ಲುಕ್ಸರಿನವರು ಆಡಿಕೊಳ್ಳುತ್ತಾರೆ: ಒಂದು ಗೋರಿ ಅಗೆಯುವುದು, ಇನ್ನೊಂದು ಅಗೆದಿಲ್ಲ ಎಂದು ಆಣೆ ಇಡುವುದು. ಆಡಿಕೊಳ್ಳಲಿ, ಅವರಿಗೂ ಹೊತ್ತು ಹೋಗಬೇಕಲ್ಲ. ನಮ್ಮ ಶಹಾತ ಈ ಎರಡರಲ್ಲಿ ಯಾವುದನ್ನೂ ಮಾಡಿದವನಲ್ಲ. ಅವನು ಅರಸರ ಗೋರಿಗಳಿಗೆ ಬೆಳಕು ಹಿಡಿಯುತ್ತಿದ್ದ. ಮೀಸೆ ಚಿಗುರಿದಾಗ ಕೈಗೆ ತೆಗೆದುಕೊಂಡ ಕನ್ನಡಿಯನ್ನು ಮೀಸೆ ನರೆತ ಮೇಲೂ ಕೆಳಗಿಡಲಿಲ್ಲ.

ನಮ್ಮ ಪಡುಗಣಿವೆಯಲ್ಲಿ ಹಳೆಯ ಗೋರಿಗಳನ್ನು ತೆರೆಯುವ ಅಗೆತಕ್ಕೆ ವಿದ್ಯುತ್ತು ಬಂದದ್ದು ತೀರ ಈಚೆಗೆ. ಅದಕ್ಕೆ ಮೊದಲು ಪಂಜು ಹಿಡಿದರೆ ಹೊಗೆ ಹೋಗಿ ಹಳೆಯ ಬಣ್ಣಕ್ಕೆ ಕಟ್ಟುತ್ತಿತ್ತು. ಮೇಣದ ಬತ್ತಿಯ ಬೆಳಕು ಹಿಡಿದವನ ಮೂಗಿನ ತುದಿಗಷ್ಟೇ ಸಾಕು. ಆದ್ದರಿಂದ ಸೂರ್ಯನನ್ನೇ ಒಳಗೆ ಕರೆಯಬೇಕಾಗಿತ್ತು. ಗೋರಿಯ ಬಾಯಿಯೆದುರು ಒಬ್ಬ ದೊಡ್ಡ ಕನ್ನಡಿ ಹಿಡಿದು ಕೂತು ಬಿಸಿಲನ್ನು ಮೆಟ್ಟಿಲ ಬುಡಕ್ಕೆ ಎಸೆಯುತ್ತಿದ್ದ. ಅಲ್ಲಿ ಇನ್ನೊಬ್ಬ ತಗಡು ಬಡಿದ ಹಲಗೆ ಹಿಡಿದು ನಿಂತು ಅದನ್ನು ಒಳಗಿನ ಓಣಿಗೆ ತಿರುಗಿಸುತ್ತಿದ್ದ. ಆ ಇನ್ನೊಬ್ಬನೇ ನಾನು, ತಾಯಿಬ್. ಹಲಗೆ ಹಿಡಿಯುವುದು ಎಂಥ ದಡ್ಡನೂ ಮಾಡಬಹುದಾದ ಕೆಲಸ; ಅಷ್ಟು ವರ್ಷ ನಾನೇ ಮಾಡಿದೆ ಎಂದರೆ ಬೇರೆ ಸಾಕ್ಷಿ ಬೇಡ. ಕನ್ನಡಿಯ ಕೆಲಸ ಹಾಗಲ್ಲ. ಸೂರ್ಯ ಒಂದು ಕ್ಷಣ ನಿಂತವನಲ್ಲ, ಅವನ ಜೊತೆಗೆ ಕನ್ನಡಿಯೂ ಕೂದಲೆಳೆಯಷ್ಟು ತಿರುಗುತ್ತಲೇ ಇರಬೇಕು. ಬೇರೆಯವರು ಹಿಡಿದರೆ ಗೋಡೆಯ ಮೇಲಿನ ಬೆಳಕು ಕುಡುಕನ ಹಾಗೆ ಓಲಾಡುತ್ತಿತ್ತು. ಶಹಾತ ಹಿಡಿದರೆ ಗೋಡೆಗೆ ಅಂಟಿಸಿದ ಹಾಗೆ ನಿಲ್ಲುತ್ತಿತ್ತು. ಮಗುಚಿದ ಬುಟ್ಟಿಯ ಮೇಲೆ ಕೂತು, ಕನ್ನಡಿಯನ್ನು ಮೊಣಕಾಲಿಗೆ ಆನಿಸಿ, ಅರ್ಧ ಕಣ್ಣು ಮುಚ್ಚಿಕೊಂಡಿರುತ್ತಿದ್ದ. ನೋಡಿದವರು ಇವನು ನಿದ್ದೆ ಮಾಡುತ್ತಿದ್ದಾನೆ ಎನ್ನಬೇಕು.

ಆ ಕನ್ನಡಿ ಅವನ ಹೆಂಡತಿ ವಹೀಬಾಳ ಮದುವೆಯ ಅಲಮಾರಿನದು. ಅಗೆತದವರು ಕೊಟ್ಟ ಕನ್ನಡಿಯಲ್ಲಿ ಅಲೆಯಿತ್ತು, ಬೆಳಕು ಮೊಸರು ಚೆಲ್ಲಿದ ಹಾಗೆ ಬೀಳುತ್ತಿತ್ತು. ಅದನ್ನು ಸಹಿಸಲಾರದೆ ಮದುವೆಯಾದ ಹೊಸದರಲ್ಲೇ ಅಲಮಾರಿನ ಬಾಗಿಲಿಂದ ಗಾಜು ಬಿಚ್ಚಿಕೊಂಡು ಬಂದುಬಿಟ್ಟ. ವಹೀಬಾ ಅಳುವವಳಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರೆಲ್ಲ ಇರುವಾಗ, “ನನ್ನ ಮುಖ ಹೆಂಗಿದೆ ಅಂತ ಇನ್ಮೇಲೆ ಆ ಸತ್ತ ಅರಸನ್ನೇ ಕೇಳ್ಬೇಕು ಕಣ್ರೇ” ಎಂದಳಂತೆ. ಆ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿ ಬಂತು. ಶಹಾತ ನಕ್ಕು, ತೋಳಿನಿಂದ ಕನ್ನಡಿ ಒರೆಸಿಕೊಂಡ.

ಇಷ್ಟೇ ಆಗಿದ್ದರೆ ಅವನ ಕಥೆ ಹೇಳಲು ನಾನು ಬಾಯಿ ತೆರೆಯುತ್ತಿರಲಿಲ್ಲ. ಅವನಿಗೊಬ್ಬ ಅಣ್ಣನಿದ್ದ, ಬಕೀತ್. ಕಾಲುವೆ ನೀರು ತಿರುಗಿಸುವ ಸರದಿಯ ಜಗಳದಲ್ಲಿ ಹಮ್ದಾನ್ ಎಂಬವನು ದೊಣ್ಣೆ ಬೀಸಿದ. ಕೆಸರಿಗೆ ಬಿದ್ದ ಬಕೀತ್ ಮತ್ತೆ ಏಳಲಿಲ್ಲ. ಹಮ್ದಾನ್ ಜೈಲಿಗೆ ಹೋದ, ಶಿಕ್ಷೆ ಮುಗಿಸಿ ಬಂದ. ಸರಕಾರದ ಮಟ್ಟಿಗೆ ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಹಾಗೆ ಮುಗಿಯುವುದಿಲ್ಲ. ಕೊಲೆಯಾದವನ ಮನೆಯವರು ಸೇಡು ತೀರುವವರೆಗೆ ಸಂತಾಪಕ್ಕೆ ಬಂದವರನ್ನು ಒಳಗೆ ಕೂರಿಸುವುದಿಲ್ಲ. ಬಕೀತನ ಹೆಣ ಮಣ್ಣು ಮಾಡಿ ಊರ ಗಂಡಸರು ಮನೆಗೆ ಬಂದಾಗ ತಾಯಿ ರಾಶಿದಾ ಬಾಗಿಲಿಗೆ ಅಡ್ಡ ನಿಂತು, ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲ, ಹೋಗಿ ಎಂದಳು. ಎಲ್ಲರಿಗೂ ಅರ್ಥವಾಯಿತು. ಉಳಿದ ಮಗ ಶಹಾತ ಒಬ್ಬನೇ. ಕೈ ಎತ್ತಬೇಕಾದವನು ಅವನೇ.

ವರ್ಷಗಳು ಹೋದವು, ಅವನು ಕೈ ಎತ್ತಲಿಲ್ಲ. ಊರು ಮೊದಲು ಕಾದಿತು, ಆಮೇಲೆ ಹಂಗಿಸಿತು. ಚಹಾದಂಗಡಿಗೆ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಚುಚ್ಚಿದವಳು ತಾಯಿ. ಬೆಳಿಗ್ಗೆ ಅವನು ಕನ್ನಡಿ ಬೆನ್ನಿಗೆ ಕಟ್ಟಿಕೊಂಡು ಹೊರಟಾಗ ಬೀದಿಗೆಲ್ಲ ಕೇಳುವ ಹಾಗೆ, “ಬೇರೆ ಮನೆ ಗಂಡಸ್ರು ಬಂದೂಕ ಹಿಡ್ಕೊಂಡು ಹೋಗ್ತಾರೆ. ನಮ್ಮನೆಯೋನು ಕನ್ನಡಿ ಹಿಡ್ಕೊಂಡು ಹೋಗ್ತಾನೆ, ಮದುವಣಗಿತ್ತಿ” ಎನ್ನುತ್ತಿದ್ದಳು. ಅವನು ಕನ್ನಡಿಯ ಹಗ್ಗ ಬಿಗಿದುಕೊಂಡು ನಡೆದುಬಿಡುತ್ತಿದ್ದ. ಅವನು ಹೇಡಿ ಎಂದು ನನಗೂ ಅನ್ನಿಸುತ್ತಿತ್ತು. ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸಾಲದ್ದಕ್ಕೆ ಹಮ್ದಾನನೂ ನಮ್ಮ ಅಗೆತಕ್ಕೇ ಬಂದು ಸೇರಿದ. ನಮ್ಮ ಮೇಲಿದ್ದ ರಯೀಸ್ ಬಯೂಮಿ, ಅಂದರೆ ಕೆಲಸಗಾರರ ಮುಖಂಡ, ಕುಫ್ತ್ ಊರಿನ ಹಿರಿಯ. ಅಗೆತದಲ್ಲಿ ಹುಟ್ಟಿ ಅಗೆತದಲ್ಲೇ ಹಣ್ಣಾದವನು. ಅವನು ಯೋಚಿಸಿ ಒಬ್ಬನನ್ನು ಬಿಸಿಲಿಗೆ, ಒಬ್ಬನನ್ನು ಕತ್ತಲಿಗೆ ಹಾಕಿದ. ಶಹಾತ ಹೊರಗೆ, ಹಮ್ದಾನ್ ಗೋರಿಯ ಕಟ್ಟಕಡೆಯ ತುದಿಯಲ್ಲಿ ಪಿಕಾಸಿ ಹಿಡಿದು. ಬೆಳಿಗ್ಗೆ ಹಮ್ದಾನ್ ಒಳಗೆ ಹೋದ ಮೇಲೆಯೇ ಶಹಾತ ಬರಬೇಕು. ಸಂಜೆ ಶಹಾತ ಹೋದ ಮೇಲೆಯೇ ಹಮ್ದಾನ್ ಹೊರಗೆ ಬರಬೇಕು. ಇಬ್ಬರೂ ಈ ಕಟ್ಟಳೆಯನ್ನು ಮುರಿಯಲಿಲ್ಲ. ಆದರೆ ವಿಚಿತ್ರ ನೋಡಿ: ಶಹಾತ ಎಸೆದ ಬೆಳಕು ನನ್ನ ಹಲಗೆಗೆ ಬಡಿದು ನೇರವಾಗಿ ಹೋಗಿ ನಿಲ್ಲುತ್ತಿದ್ದುದು ಹಮ್ದಾನನ ಪಿಕಾಸಿಯ ಮುಂದೆ. ಅಣ್ಣನನ್ನು ಕೊಂದವನಿಗೆ ದಾರಿ ತೋರಿಸುವವನು ಎಂದು ಮಣ್ಣಿನ ಬುಟ್ಟಿ ಹೊರುವವರು ಪಿಸುಗುಟ್ಟುತ್ತಿದ್ದರು. ಒಂದು ದಿನ ಈರುಳ್ಳಿ, ರೊಟ್ಟಿ ತಿನ್ನುತ್ತ ಕೂತಿದ್ದಾಗ ನಾನೇ ಧೈರ್ಯಮಾಡಿ ಇದನ್ನು ಶಹಾತನಿಗೆ ಕೇಳಿದೆ.

“ನಾನು ಬೆಳಕು ಬಿಡೋದು ಗೋಡೆಗೆ ಕಣೋ ತಾಯಿಬ್,” ಎಂದ. “ಮಧ್ಯದಲ್ಲಿ ಯಾರು ನಿಂತಿದ್ದಾರೆ ಅಂತ ನೋಡೋಕೆ ಶುರು ಮಾಡಿದ್ರೆ ಕೈ ನಡುಗುತ್ತೆ.” ಆಮೇಲೆ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಎದ್ದ. ಕೈ ನಡುಗುತ್ತದೆ ಎಂದನಲ್ಲ, ಹಾಗಾದರೆ ಒಳಗೇನೋ ಇದೆ, ಒಂದು ದಿನ ಈ ಕನ್ನಡಿ ತಿರುಗಿಯೇ ತಿರುಗುತ್ತದೆ ಎಂದು ನನಗೆ ಭಯವಾಯಿತು.

ಆ ವರ್ಷ ನಾವು ತೆರವು ಮಾಡುತ್ತಿದ್ದುದು ಒಂದು ದೊಡ್ಡ ಅರಸನ ಗೋರಿ. ಎಷ್ಟು ದೊಡ್ಡ ಅರಸನೋ, ಅವನ ಹೆಸರನ್ನು ಅಷ್ಟೇ ದೊಡ್ಡ ಸಿಟ್ಟಿನಿಂದ ಯಾರೋ ಗೋಡೆಗಳಿಂದ ಕೆತ್ತಿ ತೆಗೆದಿದ್ದರು. ಮೆಟ್ಟಿಲಿಳಿದರೆ ಇಳಿಜಾರಿನ ಉದ್ದನೆಯ ಓಣಿ. ಹಿಂದಿನ ಕಾಲದ ಯಾವುದೋ ಪ್ರವಾಹ ತಂದು ತುಂಬಿದ ಕೆಸರು ಗಾರೆಯಂತೆ ಗಟ್ಟಿಯಾಗಿತ್ತು, ಅದನ್ನು ಬುಟ್ಟಿ ಬುಟ್ಟಿಯಾಗಿ ಹೊರಗೆ ಸಾಗಿಸಿದೆವು. ಓಣಿಯ ಕೊನೆಗೆ ಒಂದು ಆಳದ ಬಾವಿ, ಕಳ್ಳರು ಬೀಳಲಿ ಎಂದೋ ಮಳೆನೀರು ಇಂಗಲಿ ಎಂದೋ ಕಡಿದದ್ದು. ಅದರ ಮೇಲೆ ನಾವು ಒಂದೇ ಒಂದು ಹಲಗೆ ಹಾಸಿದ್ದೆವು. ಬಾವಿ ದಾಟಿದರೆ ಬಂಡೆಯೊಳಗೇ ಕೊರೆದ ಕಂಬಗಳ ಮನೆ.

ಕಂಬದ ಮನೆಗೆ ಮೊದಲ ಸಲ ಬೆಳಕು ಹಾಯಿಸಿದ ದಿನ ನಾನು ಹಲಗೆಯನ್ನು ಇನ್ನೊಬ್ಬನ ಕೈಗೆ ಕೊಟ್ಟು ಒಳಗೆ ಹೋಗಿ ನೋಡಿ ಅತ್ತೆ. ತಲೆಯ ಮೇಲೆ ಕಡುನೀಲಿ, ಅದರ ತುಂಬ ಹಳದಿ ಚುಕ್ಕಿ. ಗೋಡೆಯ ಮೇಲೆ ಅರಸ ದೇವಿಯೊಬ್ಬಳ ಕೈ ಹಿಡಿದು ನಡೆಯುತ್ತಿದ್ದಾನೆ. ಸತ್ತವನು, ಹೊಸ ಊರಿಗೆ ಬಂದವನು, ಅವನನ್ನು ಅವಳು ಕರೆದುಕೊಂಡು ಹೋಗುತ್ತಿದ್ದಾಳೆ. ಅವಳ ಬೆರಳುಗಳ ಸಂದಿಯಲ್ಲಿ ಅವನ ಬೆರಳು ಕಾಣುತ್ತದೆ, ಉಗುರಿಗೆ ಬೇರೆ ಬಣ್ಣ. ನಿನ್ನೆ ಬರೆದು ಒಣಗಲು ಬಿಟ್ಟ ಹಾಗಿತ್ತು. ನಾನು ಮೆಟ್ಟಿಲ ಬುಡಕ್ಕೆ ಓಡಿಬಂದು ಶಹಾತನಿಗೆ ಒಂದು ಗಳಿಗೆ ಬಂದು ನೋಡು ಎಂದು ಕೂಗಿದೆ.

“ನೀನು ನೋಡ್ತಿದ್ದೀಯಲ್ಲ, ಸಾಕು. ನಾನು ಬಂದ್ರೆ ಬೆಳಕೂ ನನ್ನ ಜೊತೆ ಬಂದುಬಿಡುತ್ತೆ,” ಎಂದ. ನನ್ನ ಬದಲಿಗೆ ಇನ್ಯಾರಾದರೂ ಆಗಿದ್ದರೆ ಆ ಗಳಿಗೆಯಲ್ಲೇ ಅವನ ಕಾಲಿಗೆ ಬೀಳುತ್ತಿದ್ದರು. ನಾನು ಮಾತ್ರ ನಿನಗೆ ಹೊಟ್ಟೆಕಿಚ್ಚು ಎಂದು ಬೈದು ಒಳಗೆ ಹೋದೆ.

ಕಂಬದ ಮನೆಯ ಹಿಂಗೋಡೆಯಲ್ಲಿ ಮುಚ್ಚಿದ ಬಾಗಿಲೊಂದರ ಮೇಲಂಚು ಕಂಡ ದಿನ ಅನಾಹುತವಾಯಿತು. ಅಗೆತದ ಯಜಮಾನರು ಚಾವಣಿಗೆ ಆನಿಸಲು ಮರ ತರಿಸುತ್ತೇನೆಂದು ಬೆಳಿಗ್ಗೆಯೇ ನದಿ ದಾಟಿ ಹೋಗಿದ್ದರು. ಮಧ್ಯಾಹ್ನ ಇಳಿಯುತ್ತಲೇ ಗೋರಿಯ ಹಿಂದಿನ ಗುಡ್ಡದ ನೆರಳು ಅದರ ಬಾಯಿಗೆ ಬೀಳುತ್ತಿತ್ತು. ಆಗ ಶಹಾತ ಕಣಿವೆಯ ನಡುವಿಗೆ ಸರಿದು ಬಿಸಿಲಿರುವಲ್ಲಿ ಕೂರುತ್ತಿದ್ದ. ಅಲ್ಲಿಗೂ ನೆರಳು ಬಂದರೆ ಆ ದಿನದ ಕೆಲಸ ಮುಗಿಯಿತು. ಅಂದು ಒಳಗಿನವರು ಬಾಗಿಲಿನ ಆಸೆಗೆ ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎನ್ನುತ್ತಿದ್ದರು. ಆಸೆ ಯಾರಿಗಿಲ್ಲ, ನಾನೂ ಹಲಗೆ ಹಿಡಿದು ನಿಂತೇ ಇದ್ದೆ. ಹಮ್ದಾನ್ ಮತ್ತು ಇನ್ನು ಮೂವರು ಬಾವಿಯ ಆಚೆಗಿದ್ದರು.

ಮೂಟೆ ಎತ್ತಿ ಹಾಕಿದಂಥ ಸದ್ದಾಯಿತು. ಆಮೇಲೆ ಗಾಳಿ, ಅದರ ಹಿಂದೆ ಧೂಳು. ಕಂಬದ ಮನೆಯ ಚಾವಣಿಯ ಒಂದು ಹೋಳು ಕಳಚಿ ಬಿದ್ದಿತ್ತು. ಗಾಳಿಗೆ ಒಳಗಿನ ಬತ್ತಿಗಳು ಆರಿದವು. ನನ್ನ ಹಲಗೆಯ ಮೇಲೆ ಬೆಳಕು ಇದ್ದ ಹಾಗೇ ಇತ್ತು, ಆದರೆ ಓಣಿಯ ತುಂಬ ಧೂಳು ಗೋಡೆ ಕಟ್ಟಿದಂತೆ ನಿಂತಿತು. ಆಚೆಗಿದ್ದವರಿಗೆ ಏನೂ ಕಾಣುವಂತಿರಲಿಲ್ಲ. ಮುಂದೆ ಬಾವಿ, ಅದರ ಮೇಲೆ ಒಂದೇ ಹಲಗೆ, ಹಿಂದೆ ಇನ್ನೂ ಕಲ್ಲು ಉದುರುತ್ತಿದೆ. ಕತ್ತಲೊಳಗಿಂದ ಯಾರೋ ಕೂಗಿದರು: ಶಹಾತ ಬೆಳಕು ತೆಗೆದ, ಶಹಾತ ನಮ್ಮನ್ನು ಕೊಂದ.

ಇಂಥ ತಪ್ಪು ನಮ್ಮೂರವರು ಮಾತ್ರ ಮಾಡಬಲ್ಲರು. ಚಾವಣಿ ಬಿದ್ದರೂ ಮೊದಲು ನೆನಪಾಗುವುದು ಹಗೆ. ಬುಟ್ಟಿಸಾಲಿನವರು ಆ ಕೂಗನ್ನು ಬಾಯಿಂದ ಬಾಯಿಗೆ ಹೊರಗೆ ದಾಟಿಸಿದರು. ಸಾಲಿನ ತುದಿಯಲ್ಲಿ ಹಮ್ದಾನನ ತಮ್ಮ ಸಾದಿ ಇದ್ದ. ಇಪ್ಪತ್ತೈದರ ಬಿಸಿರಕ್ತ. ಪಿಕಾಸಿಯ ಹಿಡಿ ಕಿತ್ತುಕೊಂಡು ಕಣಿವೆಯ ನಡುವೆ ಕೂತ ಶಹಾತನ ಮೇಲೆ ಓಡಿದ. ಬೆಳಕು ಇಲ್ಲೇ ಇದೆ ಎಂದು ನಾನು ಗಂಟಲು ಹರಿಯುವ ಹಾಗೆ ಅರಚಿದೆ, ಕೇಳುವವರು ಯಾರು.

ಮುಂದಿನದನ್ನು ಸಾದಿಯೇ ಆಮೇಲೆ ನೂರು ಸಲ ಹೇಳಿದ್ದಾನೆ, ಹೇಳಿದಾಗಲೆಲ್ಲ ತಲೆ ತಗ್ಗಿಸಿಯೇ. ಅವನು ಹಿಡಿ ಎತ್ತಿ ಹಿಂದಿನಿಂದ ಬಂದದ್ದು ಶಹಾತನಿಗೆ ಗೊತ್ತಾಯಿತು. ಓಡಿಬಂದ ಹೆಜ್ಜೆಯ ಸದ್ದು ಬೆನ್ನ ಹಿಂದೆಯೇ ನಿಂತಿತ್ತು. ಆದರೂ ಕುತ್ತಿಗೆ ತಿರುಗಿಸಲಿಲ್ಲ. ಗೋರಿಯ ಬಾಯಿಯ ಕಡೆ ನೆಟ್ಟ ಕಣ್ಣು ಹಾಗೇ ಇತ್ತು.

“ಹೊಡೆಯೋದಾದ್ರೆ ಹೊಡಿ,” ಎಂದ. “ಕನ್ನಡಿ ಮುಟ್ಬೇಡ. ಇದು ಅಲುಗಿದ್ರೆ ನಿನ್ನಣ್ಣ ಬಾವಿಗೆ ಬೀಳ್ತಾನೆ.”

ಸಾದಿ ಅವನ ಭುಜದ ಮೇಲಿಂದ ನೋಡಿದ. ಬೆಳಕು ನೆಟ್ಟಗೆ ಗೋರಿಯ ಬಾಯಿಯೊಳಗೆ ಹೋಗುತ್ತಿತ್ತು, ಅಲ್ಲಿಂದ ಧೂಳು ಹೊಗೆಯಂತೆ ಬರುತ್ತಿತ್ತು. ಕೈಯಲ್ಲಿದ್ದುದನ್ನು ಕೆಳಗೆ ಹಾಕಿದ. ಅಷ್ಟರಲ್ಲಿ ಗುಡ್ಡದ ನೆರಳು ಶಹಾತನ ಪಾದಕ್ಕೆ ಬಂದು ಮುಟ್ಟಿತ್ತು.

ಇನ್ನು ಬಿಸಿಲು ಉಳಿದದ್ದು ಎದುರುಗುಡ್ಡದ ಇಳಿಜಾರಿನ ಮೇಲೆ ಮಾತ್ರ. ಶಹಾತ ಎದ್ದು ನಿಂತು, ಕನ್ನಡಿಯನ್ನು ಎದೆಗೆ ಆನಿಸಿಕೊಂಡು, ಹಿಂದುಹಿಂದಕ್ಕೆ ನಡೆಯತೊಡಗಿದ. ತಿರುಗಿದರೆ ಬೆಳಕು ಹೋಗುತ್ತದೆ, ಆದ್ದರಿಂದ ತಿರುಗುವ ಹಾಗಿಲ್ಲ. ಆ ಇಳಿಜಾರೋ, ಮೇಕೆಯೂ ನೋಡಿಕೊಂಡು ಕಾಲಿಡುವಂಥದು, ಎಲ್ಲ ಜಾರುಗಲ್ಲು. ಸಾದಿ ಅವನ ಹಿಂದೆ ಹೋಗಿ ಎರಡೂ ಕೈಯಿಂದ ಸೊಂಟ ಹಿಡಿದ. ಒಂದೊಂದು ಹೆಜ್ಜೆಗೂ ಬಗ್ಗಿ, ಅವನ ಹಿಮ್ಮಡಿಯನ್ನು ಕೈಯಲ್ಲಿ ಹಿಡಿದು ಗಟ್ಟಿ ಕಲ್ಲಿನ ಮೇಲೆ ಇಟ್ಟ. ಎಡಗಾಲು, ಇನ್ನೊಂದು ಗೇಣು ಮೇಲೆ, ಕಾಲೂರು ಮಾವ, ಈಗ ಬಲಗಾಲು ಎನ್ನುತ್ತಿದ್ದ. ಸಾದಿಯ ಬಾಯಲ್ಲಿ ಶಹಾತನಿಗೆ ಮಾವ ಎಂಬ ಮಾತು ಬಂದದ್ದು ಅದೇ ಮೊದಲು. ನೆರಳು ಅವರ ಬೆನ್ನಟ್ಟಿ ಏರುತ್ತಿತ್ತು, ಅವರು ಅದಕ್ಕಿಂತ ಒಂದು ಮಾರು ಮೇಲೆ.

ಕೆಳಗೆ ನನಗೆ ಕಾಣುತ್ತಿದ್ದುದು ಇಷ್ಟು: ಹೆಜ್ಜೆ ಎತ್ತಿದಾಗ ನನ್ನ ಹಲಗೆಯ ಮೇಲಿನ ಬೆಳಕು ಹಾರುತ್ತದೆ, ಕಾಲು ಊರಿದ ಕೂಡಲೇ ಬಂದು ಅದೇ ಜಾಗಕ್ಕೆ ಕೂರುತ್ತದೆ. ಧೂಳು ಮೆಲ್ಲಗೆ ತಿಳಿಯಾಯಿತು. ರಯೀಸ್ ಬಯೂಮಿ ಆ ವಯಸ್ಸಿನಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಬಾವಿಯ ಈಚೆ ದಡಕ್ಕೆ ಹೋಗಿ, ಬೆಳಕು ನಿಂತಾಗ ಹೆಜ್ಜೆ ಇಡಿ, ಅಲುಗಿದಾಗ ಕಲ್ಲಾಗಿಬಿಡಿ ಎಂದು ಆಚೆಯವರಿಗೆ ಹೇಳಿದ. ಹಾಗೆ ಒಬ್ಬ ಬಂದ. ಇನ್ನೊಬ್ಬ ಬಂದ. ಮೂರನೆಯವನ ಪಾದ ಕಲ್ಲಿಗೆ ಸಿಕ್ಕಿ ಜಜ್ಜಿಹೋಗಿತ್ತು. ಅವನನ್ನು ಬೆನ್ನ ಮೇಲೆ ಹಾಕಿಕೊಂಡು ಹಮ್ದಾನ್ ಬಾವಿಯ ಹಲಗೆಗೆ ಕಾಲಿಟ್ಟ.

ಅವನು ಹಲಗೆಯ ನಟ್ಟನಡುವೆ ಇದ್ದಾಗ ಬೆಳಕು ಹೋಯಿತು. ಮೇಲೆ ಶಹಾತನ ಹಿಮ್ಮಡಿ ಜಾರಿ ಇಬ್ಬರೂ ಮೊಣಕಾಲ ಮೇಲೆ ಬಿದ್ದಿದ್ದರು, ಅದು ನಮಗೆ ಹೇಗೆ ಗೊತ್ತಾಗಬೇಕು. ನನ್ನ ಕೈಯಲ್ಲಿದ್ದುದು ಬರಿಯ ತಗಡು. ಒಳಗೆ ಕಗ್ಗತ್ತಲೆ. ಈಗ ಆಯಿತು, ಇಷ್ಟು ವರ್ಷ ಕಾದದ್ದು ಈಗ ಆಯಿತು ಎಂದು ನನ್ನ ಹಾಳು ಮನಸ್ಸು ಹೇಳಿತು. ಅಲ್ಲಾಡಬೇಡ, ಬೆಳಕು ಬರುತ್ತದೆ ಎಂದ ರಯೀಸ್. ಕತ್ತಲೊಳಗಿಂದ ಹಮ್ದಾನನ ದನಿ ಕೇಳಿತು, ಭಾರ ಹೊತ್ತವನ ಏದುಸಿರಿನ ದನಿ.

“ಗೊತ್ತು. ಹಿಡಿದಿರೋನು ಶಹಾತ.”

ಬೆಳಕು ಬಂತು. ಕೆಂಪಾಗಿತ್ತು, ಸಂಜೆಯ ಬಿಸಿಲು, ಆದರೆ ಹಲಗೆಯ ಉದ್ದಕ್ಕೂ ನೇರವಾಗಿ ಬಿದ್ದಿತ್ತು. ಹಮ್ದಾನ್ ದಾಟಿದ. ಅವನು ಈಚೆಗೆ ಕಾಲಿಟ್ಟು ಸ್ವಲ್ಪ ಹೊತ್ತಿಗೆ ಆ ಬೆಳಕೂ ತೆಳ್ಳಗಾಗಿ ಆರಿತು. ಮರುದಿನ ನೋಡಿದರೆ ಕಂಬದ ಮನೆಯ ಮುಂಭಾಗವೆಲ್ಲ ಕುಸಿದು ಕೂತಿತ್ತು. ದೇವಿಯೂ ಅರಸನೂ ಕೈ ಹಿಡಿದ ಗೋಡೆ ಮಾತ್ರ ಉಳಿದಿತ್ತು, ದೇವರ ದಯೆ.

ನಾವು ಹೊರಗೆ ಬಂದು ಮೇಲೆ ನೋಡಿದೆವು. ಎದುರುಗುಡ್ಡದ ನೆತ್ತಿಯಲ್ಲಿ, ಅದಕ್ಕಿಂತ ಮೇಲೆ ಹೋಗಲು ಜಾಗವೇ ಇಲ್ಲದ ಕಡೆ, ಶಹಾತ ಕನ್ನಡಿಯನ್ನು ತೊಡೆಯ ಮೇಲೆ ಮಗುಚಿ ಹಾಕಿ ಕೂತಿದ್ದ. ಸಾದಿ ತನ್ನ ರುಮಾಲು ಹರಿದು ಅವನ ಹಿಮ್ಮಡಿಗೆ ಸುತ್ತುತ್ತಿದ್ದ. ಹಮ್ದಾನ್ ಮೈಯೆಲ್ಲ ಸುಣ್ಣ ಬಳಿದಂತೆ ನಿಂತು ಅವರನ್ನೇ ನೋಡುತ್ತಿದ್ದ. ಶಹಾತ ಆ ಕಡೆಯಿಂದಲೇ ಇಳಿದು ಮನೆಗೆ ಹೋದ. ಕಟ್ಟಳೆಯಂತೆ ಅವನು ಹೋದ ಮೇಲೆಯೇ ಹಮ್ದಾನ್ ಹೊರಟ.

ಊರಿನ ನಾಲಿಗೆ ಸುಮ್ಮನಿರುತ್ತದೆಯೇ. ಇನ್ನು ಹಗೆ ತೀರಿತು ಎಂದರು ಕೆಲವರು. ಇನ್ನೂ ಕೆಲವರು, ಕೈಗೆ ಸಿಕ್ಕಿದ್ದನ್ನು ಬಿಟ್ಟ ಮೂರ್ಖ ಎಂದರು. ತೀರಿತು ಎಂದು ಹೇಳಬೇಕಾದ ತಾಯಿ ಮಾತ್ರ ತುಟಿ ಬಿಚ್ಚಲಿಲ್ಲ. ಶಹಾತನ ಹಿಮ್ಮಡಿಗೆ ಬಿಸಿನೀರು ಹಾಕಿ ತೊಳೆದವಳು ವಹೀಬಾ; ರಾಶಿದಾ ಗೋಡೆಗೆ ಮುಖ ಮಾಡಿ ಕೂತಿದ್ದಳಂತೆ. ಮರುದಿನ ಬೆಳಿಗ್ಗೆ ಅವನು ಕನ್ನಡಿ ಕಟ್ಟಿಕೊಂಡು ಹೊರಟಾಗ ಬೀದಿಗೆ ಆ ಹಳೆಯ ಮಾತು ಕೇಳಿಸಲಿಲ್ಲ. ಅದಕ್ಕೆ ಬದಲಾಗಿ ಬೇರೆ ಮಾತೂ ಕೇಳಿಸಲಿಲ್ಲ. ಶಹಾತನಿಗೆ ಅದು ಬೈಗುಳಕ್ಕಿಂತ ಭಾರವಾಯಿತು. ಚಹಾ ಕುಡಿಯುವಾಗ, ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ ಕಣೋ ಎಂದು ಹೇಳಿ ಲೋಟದೊಳಗೆ ನೋಡುತ್ತ ಕೂತ.

ಬಂದ ಶುಕ್ರವಾರ ನಮಾಜು ಮುಗಿದ ಮೇಲೆ ಹಮ್ದಾನ್ ತನ್ನ ಮನೆಯಿಂದ ಹೊರಟ. ಕಾಲಿಗೆ ಚಪ್ಪಲಿ ಇಲ್ಲ, ತಲೆಗೆ ರುಮಾಲಿಲ್ಲ, ಚಾಚಿದ ಎರಡು ಕೈಗಳ ಮೇಲೆ ಮಡಿಸಿದ ಬಿಳಿ ಬಟ್ಟೆ, ಕಫನ್. ಕೊಂದವನು ತನ್ನ ಹೆಣದ ಬಟ್ಟೆಯನ್ನು ತಾನೇ ಹೊತ್ತು ಹೀಗೆ ಬಂದರೆ ಅದಕ್ಕೆ ಒಂದೇ ಅರ್ಥ: ಕೊಲ್ಲುವುದಾದರೆ ಕೊಂದು ಇದರಲ್ಲಿ ಸುತ್ತಿ, ಇಲ್ಲವೇ ಬಿಡಿ. ಊರೆಲ್ಲ ಹಿಂದೆ ನಡೆಯಿತು. ಶಹಾತ ಬಾಗಿಲಿಗೆ ಬಂದು ನಿಂತ. ಹಮ್ದಾನ್ ಬಟ್ಟೆಯನ್ನು ಮುಂದೆ ಚಾಚಿದ. ಶಹಾತ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಅಷ್ಟು ವರ್ಷಗಳಲ್ಲಿ ಅವರಿಬ್ಬರೂ ಹಗಲಿನ ಬೆಳಕಿನಲ್ಲಿ ಎದುರುಬದುರು ನಿಂತದ್ದು ಅದೇ ಮೊದಲು.

“ನನ್ನ ಕೈಗಲ್ಲ,” ಎಂದು ಪಕ್ಕಕ್ಕೆ ಸರಿದ.

ಒಳಗೆ ಚಾಪೆಯ ಮೇಲೆ ರಾಶಿದಾ ಕೂತಿದ್ದಳು. ಹಮ್ದಾನ್ ಹೋಗಿ ಅವಳ ಮುಂದೆ ಮೊಣಕಾಲೂರಿದ. ಅವಳು ಅವನ ತಲೆಯ ಕಡೆ ನೋಡಲಿಲ್ಲ. ಕೈ ಚಾಚಿ ಬಟ್ಟೆಯ ಅಂಚನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದಳು, ಸಂತೆಯಲ್ಲಿ ನೋಡುವ ಹಾಗೆ.

“ಎಲ್ಲಿ ತಂದೆ?” ಎಂದಳು.

ಕೆನಾ ಪೇಟೆಯಿಂದ ಎಂದ ಹಮ್ದಾನ್.

“ಒಳ್ಳೆ ನೂಲು. ನಿನ್ನಂಥೋನಿಗೆ ಯಾಕೆ ಇಂಥ ಬಟ್ಟೆ. ಇಲ್ಲಿಡು, ನನಗಾಗುತ್ತೆ.” ಬಟ್ಟೆಯನ್ನು ಅವನ ಕೈಯಿಂದ ಎಳೆದುಕೊಂಡು ಮಡಿಲಲ್ಲಿಟ್ಟಳು. ಅದರ ಮಡಿಕೆಯನ್ನು ಅಂಗೈಯಿಂದ ನೀವಿದಳು. ಆಮೇಲೆ ಮೊದಲ ಸಲ ಅವನ ಮುಖ ನೋಡಿ ಹೇಳಿದಳು: “ನನ್ನ ಬಕೀತನ್ನ ಎತ್ತೋವಾಗ ಒಂದು ಹೆಗಲು ಕಮ್ಮಿ ಇತ್ತು. ನೀನೂ ಅವನೂ ಸಣ್ಣೋರಿದ್ದಾಗ ಒಂದೇ ಕತ್ತೆ ಮೇಲೆ ಕೂತು ಓಡಾಡ್ತಿದ್ರಿ. ನನ್ನನ್ನ ಎತ್ತೋವಾಗ ನೀನು ಇರ್ಬೇಕು.”

ಮುಂದಿನ ಚಳಿಗಾಲದಲ್ಲಿ ಅವಳನ್ನು ಆ ಬಟ್ಟೆಯಲ್ಲೇ ಸುತ್ತಿ ಗುಡ್ಡದ ಕೆಳಗಿನ ಮಣ್ಣಿಗೆ ಒಯ್ದೆವು. ಚಟ್ಟದ ಮುಂದಿನ ಎರಡು ತುದಿಗೆ ಹೆಗಲು ಕೊಟ್ಟವರು ಶಹಾತ ಮತ್ತು ಹಮ್ದಾನ್.